ಹಳಿ ಹತ್ತುವ ಮೊದಲು

ಏಳನೇ ಕಂತು

ಇದು ನಡೆದ ಕಥೆ. ಎಷ್ಟು ನಿಜವೆಂದರೆ, ತಿಪಟೂರಿನ ಮಂಡಿ ಪೇಟೆಯಲ್ಲಿ ಯಾರನ್ನು ಬೇಕಾದರೂ ನಿಲ್ಲಿಸಿ ಕೇಳಿ, "ಅಂಥದ್ದೇನೂ ಆಗೇ ಇಲ್ಲ" ಎನ್ನುತ್ತಾರೆ. ಆಗದೇ ಇದ್ದದ್ದನ್ನು ಯಾರೂ ಅಷ್ಟು ಅವಸರದಿಂದ ಅಲ್ಲಗಳೆಯುವುದಿಲ್ಲ.

ಶಿವರುದ್ರಮ್ಮ ತಮ್ಮ ಮಂಡಿಯ ಮೇಜಿನ ಮೇಲೆ ದಿಲ್ಲಿಯಿಂದ ಮಾದರಿಗೆಂದು ವಾಪಸ್ ಬಂದ ಎರಡು ಉಂಡೆ ಕೊಬ್ಬರಿ ಇಟ್ಟುಕೊಂಡು ಕೂತಿದ್ದರು. ಎರಡನ್ನೂ ಹೋಳು ಮಾಡಿದ್ದರು. ಒಂದರ ಒಳಗು ಬೆಳ್ಳಗೆ, ಆಗ ತಾನೆ ಸುಣ್ಣ ಬಳಿದ ಗೋಡೆಯ ಹಾಗಿತ್ತು. ಇನ್ನೊಂದು ಹಳದಿಗೆ ತಿರುಗಿತ್ತು. ಮುಟ್ಟಿದರೆ ಬೆರಳಿಗೆ ಎಣ್ಣೆ ಅಂಟುತ್ತಿತ್ತು. ಅದರ ಕಮಟು ವಾಸನೆ ಬಾಗಿಲವರೆಗೂ ಬಂದಿತ್ತು.

"ಎರಡೂ ಒಂದೇ ರಾಶಿದು," ಎಂದರು. "ನಾನೇ ನಿಂತು ಪಾಲು ಮಾಡ್ಸಿದ್ದು."

ಹೇಳಿದ್ದು ಚಿತ್ತೇಶನಿಗೆ. ಚಿತ್ತೇಶ ಮಂಡಿ ಬೀದಿಯ ತುದಿಯಲ್ಲಿ ಎಸ್‌ಟಿಡಿ ಬೂತ್ ಇಟ್ಟುಕೊಂಡಿದ್ದ. ಬಿ.ಎ. ಪಾಸು. ಮೊಬೈಲ್ ಎಂಬುದು ಈ ಕಡೆಗೆ ಇನ್ನೂ ಕಾಲಿಡದ ಕಾಲ. ಊರಿನವರು ಊರಾಚೆಯವರ ಜೊತೆ ಆಡುವ ಮಾತೆಲ್ಲ ಅವನ ಗಾಜಿನ ಪೆಟ್ಟಿಗೆಯಲ್ಲೇ ನಡೆಯಬೇಕು. ಕೇಳಿ ಕೇಳಿ ಅರ್ಧ ಊರಿನ ಗಂಟಲು ಅವನ ಗಂಟಲಿನಲ್ಲಿ ಬಾಡಿಗೆಗೆ ಬಂದಿತ್ತು. ತಹಸೀಲ್ದಾರರ ಕೆಮ್ಮಿನಿಂದ ಹಿಡಿದು ಬಸ್ ಏಜೆಂಟನ ಕೂಗಿನವರೆಗೆ ಯಾರ ದನಿ ಬೇಕೆಂದರೂ ಅಣಕಿಸಿ ಕೊಡುತ್ತಿದ್ದ.

ಪತ್ತೇದಾರಿಕೆ ಅವನ ಕಸುಬಲ್ಲ. ಹೋದ ವಾರ ಬೋರಮ್ಮ ಎಂಬಾಕೆ ಬೂತಿಗೆ ಬಂದು, "ನಮ್ಮನೆಯೋರ್ನ ಕಳ್ಳ ಅಂತವ್ರೆ, ನೀನಾದ್ರೂ ವಸಿ ನೋಡಣ್ಣ" ಎಂದು ಹೇಳಿ, ಅಳದೆ, ಮತ್ತೇನೂ ಕೇಳದೆ, ಬೆಂಚಿನ ಮೇಲೆ ಸಂಜೆಯವರೆಗೂ ಕೂತಿದ್ದಳು. ಅತ್ತಿದ್ದರೆ ಸಮಾಧಾನ ಹೇಳಿ ಕಳಿಸುತ್ತಿದ್ದ. ಅಳಲಿಲ್ಲವಾದ್ದರಿಂದ ಕೇಸು ಅಂಟಿಕೊಂಡಿತು.

ಬೋರಮ್ಮನ ಮನೆಯವರು ಅದೇ ಕೋಣೆಯ ಮೂಲೆಯಲ್ಲಿ, ಖಾಲಿ ಗೋಣಿಚೀಲಗಳ ಕಂತೆಯ ಮೇಲೆ ಕೂತಿದ್ದರು. ಹೆಸರು ಮಾಯಣ್ಣ. ಶಿವರುದ್ರಮ್ಮನ ಮಂಡಿಯ ಮೇಸ್ತ್ರಿ. ಕೊಬ್ಬರಿ ಆರಿಸುವುದು, ಮೂಟೆ ತುಂಬಿಸುವುದು, ಹೊಲಿಸುವುದು, ಲಾರಿಗೆ ಏರಿಸುವುದು ಎಲ್ಲ ಅವರ ಕೈಕೆಳಗೆ. ಕಳ್ಳ ಎನ್ನಿಸಿಕೊಂಡ ದಿನದಿಂದ ಅವರು ಹೌದು ಎಂದೂ ಹೇಳಿರಲಿಲ್ಲ, ಅಲ್ಲ ಎಂದೂ ಹೇಳಿರಲಿಲ್ಲ. ಗೋಣಿಯ ಒಂದು ಎಳೆ ಕೀಳುವುದು, ಅದನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಅಷ್ಟೇ.

"ಸಂಜೆ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡ್ತೀನಿ ಚಿತ್ತೇಶ," ಎಂದರು ಶಿವರುದ್ರಮ್ಮ. "ಮಾಯಣ್ಣನ ಹೆಸ್ರು ಹೇಳ್ದೆ ಬೇರೆ ದಾರಿ ಇಲ್ಲ. ನೀನು ಹೇಳೋದಿದ್ರೆ ಈಗ್ಲೇ ಹೇಳಪ್ಪ."

ಕೋಪದಿಂದ ಹೇಳಿದ್ದಲ್ಲ. ಮಳೆ ಬರಬಹುದು ಎನ್ನುವ ಹಾಗೆ ಹೇಳಿದರು. ಯಜಮಾನರು ತೀರಿಕೊಂಡ ಮೇಲೆ ಆಕೆಯ ದನಿ ಹಾಗೆಯೇ ಚಪ್ಪಟೆಯಾಗಿತ್ತು. ಸಾವಿನ ಮನೆಯಲ್ಲಿ ಆಕೆ ಅತ್ತಿರಲಿಲ್ಲ. ಹನ್ನೊಂದನೇ ದಿನ ಮಂಡಿಯ ಬಾಗಿಲು ತೆಗೆಸಿ, ಗಂಡನ ಕುರ್ಚಿಯಲ್ಲಿ ಕೂತು, ರೇಟು ಕೇಳಿದ್ದರು.

ಮಾಯಣ್ಣನ ಹೆಸರು ಸ್ಟೇಷನ್ನಿನ ಮೆಟ್ಟಿಲು ಹತ್ತಿದರೆ ಮುಂದೇನು ಎಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಜೈಲಾಗಬಹುದು, ಆಗದೆಯೂ ಇರಬಹುದು. ಆದರೆ ಆಮೇಲೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರು ಕಡೆಯೂ ಯಾವ ಮಂಡಿಯವರೂ ಅವರ ಕೈಗೆ ದಬ್ಬಳ ಕೊಡುವುದಿಲ್ಲ. ಮೂಟೆ ಹೊಲಿಯುವ ಆ ದಪ್ಪ ಸೂಜಿ ಬಿಟ್ಟರೆ ಮಾಯಣ್ಣನಿಗೆ ಬೇರೆ ಆಸ್ತಿ ಇರಲಿಲ್ಲ.

"ಮೊದ್ಲು ಒಂದು ಕೇಳ್ತೀನಿ ಅಮ್ಮಾವ್ರೆ," ಎಂದ ಚಿತ್ತೇಶ. "ಎರಡು ಕಂಪನಿಗೂ ಏನು ವ್ಯತ್ಯಾಸ?"

"ನಿನಗೆ ಗೊತ್ತಿಲ್ವೇ."

"ನಿಮ್ಮ ಬಾಯಲ್ಲಿ ಕೇಳೋಣ ಅಂತ."

ವಿಷಯ ಇಷ್ಟು. ಯಜಮಾನರ ಕಾಲದಲ್ಲಿ ಈ ಮಂಡಿಯ ಕೊಬ್ಬರಿ ಲಾರಿ ಹತ್ತಿದರೆ ದಿಲ್ಲಿಯಲ್ಲೇ ಇಳಿಯುತ್ತಿತ್ತು. ಅವರು ಹೋದ ಮೇಲೆ ಎರಡು ಸಾಗಣೆ ಕಂಪನಿಯವರು ಬಂದರು. ಇಬ್ಬರದ್ದೂ ಒಂದೇ ಹಾಡು: ಇಲ್ಲಿಂದ ಬೆಂಗಳೂರಿಗೆ ಲಾರಿ, ಬೆಂಗಳೂರಿನಿಂದ ದಿಲ್ಲಿಗೆ ರೈಲು, ದಿಲ್ಲಿ ಸ್ಟೇಷನ್ನಿನಿಂದ ಅಂಗಡಿ ಬಾಗಿಲಿಗೆ ಮತ್ತೆ ಲಾರಿ. ಕೊಬ್ಬರಿ ಮಾತ್ರ ಒಂದೇ ಕಬ್ಬಿಣದ ಡಬ್ಬಿಯೊಳಗೆ ಬೆಚ್ಚಗೆ ಕೂತಿರುತ್ತದೆ. ತಿಪಟೂರಿನ ಎದೆಯ ಮೇಲೇ ರೈಲು ಹಾದು ಹೋಗುತ್ತದೆ, ನಿಜ. ಆದರೆ ರೈಲು ಹತ್ತಲು ನಮ್ಮ ಕೊಬ್ಬರಿ ಲಾರಿಯಲ್ಲಿ ಬೆಂಗಳೂರಿಗೆ ಹೋಗಬೇಕು. ದೊಡ್ಡ ಕಂಪನಿಗಳ ಬುದ್ಧಿ ನಮ್ಮಂಥವರಿಗೆ ತಿಳಿಯುವುದಲ್ಲ.

ಒಂದು ಕಂಪನಿ ಗಜಪತಿ ರೋಡ್-ರೈಲ್. ಇನ್ನೊಂದು ಉತ್ತರಪಥ. ಯಾವುದನ್ನು ಹಿಡಿಯಬೇಕೆಂದು ಶಿವರುದ್ರಮ್ಮ ಯಾರನ್ನೂ ಕೇಳಲಿಲ್ಲ. ಒಂದು ರಾಶಿ ಸುರಿಸಿದರು, ನಡುವೆ ಗೆರೆ ಎಳೆಸಿದರು, ಅರ್ಧ ಒಬ್ಬರಿಗೆ, ಅರ್ಧ ಇನ್ನೊಬ್ಬರಿಗೆ ಕೊಟ್ಟರು. ಅಲ್ಲಿ ಹೋಗಿ ಯಾರದ್ದು ನೆಟ್ಟಗೆ ಇಳಿಯುತ್ತದೋ ಮುಂದಿನ ಲೋಡೆಲ್ಲ ಅವರಿಗೆ.

ಉತ್ತರಪಥದ್ದು ಬೆಳ್ಳಗೆ ಇಳಿಯಿತು. ಗಜಪತಿಯದ್ದು ಕಮಟಾಗಿ ಇಳಿಯಿತು.

"ಗಜಪತಿಯೋರ ಡಬ್ಬಿ ನೇರ ದಿಲ್ಲಿ ಗಾಡಿ ಹತ್ತುತ್ತೆ, ಬೇಗ ಮುಟ್ಟುತ್ತೆ," ಎಂದು ಶಿವರುದ್ರಮ್ಮ ಹೇಳತೊಡಗಿದರು. "ಉತ್ತರಪಥದೋರದ್ದು ದಾರೀಲಿ ಒಂದು ಗಾಡಿ ಇಳಿದು ಇನ್ನೊಂದು ಹತ್ತುತ್ತೆ, ನಿಧಾನ. ಆದ್ರೆ ಮಾಲು ಕೆಟ್ರೆ ಅವ್ರು ಕಟ್ಟಿಕೊಡ್ತಾರೆ. ಗಜಪತಿಯೋರು ಕೊಡಲ್ಲ."

"ಬೇಗ ಹೋಗೋದು ಕೆಟ್ಟು, ನಿಧಾನ ಹೋಗೋದು ಚೆನ್ನಾಗಿ ಉಳೀತು. ತಮಾಷೆ ಅಲ್ವಾ."

"ತಮಾಷೆ ಏನಿಲ್ಲ. ಗಜಪತಿ ಡಬ್ಬಿ ಸೀಲು ಒಡೆದಿರ್ಲಿಲ್ಲ. ಒಳಗಿದ್ದ ಮೂಟೆ ನಮ್ಮವೇ, ನಮ್ಮ ಗುರುತೇ. ಅಂದ್ಮೇಲೆ ಯಾರೋ ಒಳ್ಳೇದು ಎತ್ತಿಟ್ಕೊಂಡು, ಇಲ್ಲಿಂದ ಹೊರಡೋವಾಗ್ಲೇ ಕೆಟ್ಟ ಮಾಲು ತುಂಬಿದಾರೆ. ತುಂಬಿಸಿದ್ದು ಮಾಯಣ್ಣ."

ಮಾಯಣ್ಣ ಎಳೆ ಸುತ್ತಿದರು. ಬಿಚ್ಚಿದರು.

"ಎಲ್ಲರೂ ಹಳಿಯ ಮೇಲೆ ಏನಾಯ್ತು ಅಂತ ನೋಡಿದ್ರು," ಎಂದ ಚಿತ್ತೇಶ. "ಅಲ್ಲೇನೂ ಸಿಗದೇ ಇದ್ದಾಗ ಮಾಯಣ್ಣೋರನ್ನ ಹಳಿದ್ರು. ರೈಲು ಬೇರೆ ಬೇರೆ. ದಿಲ್ಲೀಲಿ ಇಳಿಸೋ ಲಾರಿಯೂ ಬೇರೆ ಬೇರೆ. ಸರಿ. ಈ ಕಡೆ, ನಿಮ್ಮ ಬಾಗಿಲಿಂದ ಬೆಂಗಳೂರು ಡಿಪೋವರೆಗೆ?"

"ಕಂಪನಿ ಲಾರಿ."

"ಯಾವ ಕಂಪನಿದು? ಎರಡು ಕಂಪನಿಗೂ ಈ ಊರಲ್ಲಿ ಒಂದು ಗಾಲಿನೂ ಇಲ್ಲ ಅಮ್ಮಾವ್ರೆ. ಡಬ್ಬಿ ಹೊರೋ ಉದ್ದನೆ ಟ್ರೈಲರ್ ಇರೋದು ತುರುವೇಕೆರೆ ರಸ್ತೆ ರಂಗರಾಜು ಒಬ್ಬನ ಹತ್ರ. ಮೊದಲ್ನೇ ದಿನ ಬೆಳಗ್ಗೆ ಗಜಪತಿದು ಹೊತ್ಕೊಂಡು ಹೋದ. ಮಾರನೇ ದಿನ ವಾಪಸ್ ಬಂದು ಉತ್ತರಪಥದ್ದು ಹೊತ್ತ. ಬೋರ್ಡು ಎರಡು, ಗಾಡಿ ಒಂದೇ."

ಶಿವರುದ್ರಮ್ಮ ಹಳದಿ ಹೋಳನ್ನು ಸ್ವಲ್ಪ ದೂರ ಸರಿಸಿದರು.

"ಎರಡೂ ಅವನೇ ಹೊತ್ತಿದ್ರೆ ಎರಡೂ ಕೆಡಬೇಕಿತ್ತಲ್ಲಪ್ಪ."

"ಅದೇ ನನಗೂ ತಲೆ ಕೆಡಿಸಿದ್ದು. ಅದಕ್ಕೇ ನಿನ್ನೆ ದಿಲ್ಲಿಗೆ ಫೋನ್ ಮಾಡ್ದೆ."

ದಿಲ್ಲಿ ದಲ್ಲಾಳಿಯ ಮಾತನ್ನು ಚಿತ್ತೇಶ ಬರೀ ವರದಿ ಮಾಡಲಿಲ್ಲ. ಬಾಯಲ್ಲಿ ಪಾನ್ ಇದ್ದ ಹಾಗೆ ಕೆನ್ನೆ ಉಬ್ಬಿಸಿ ಆ ಮನುಷ್ಯನನ್ನೇ ಕೋಣೆಗೆ ಕರೆದುತಂದ. "ಅರೇ ಭಾಯ್, ಆಪ್ ಲೋಗ್ ಖೋಪ್ರಾ ಭೇಜ್ತೇ ಹೋ ಯಾ ಝಾಡೂ?"

ಬೋರಮ್ಮ ಗಂಡನ ಪಕ್ಕದಲ್ಲಿ ನಿಂತಿದ್ದವಳು, "ಅದೇನಂದ್ರೆ?" ಎಂದಳು.

"ನೀವು ಕಳ್ಸೋದು ಕೊಬ್ಬರಿನೋ ಪೊರಕೆನೋ, ಅಂತ. ಗಜಪತಿ ಡಬ್ಬಿ ತೆಗೆದ್ರೆ ನೆಲದ ತುಂಬ ತೆಂಗಿನ ಗರಿ ಇತ್ತಂತೆ. ಅವರ ಕೂಲಿಗಳು ಗುಡಿಸಿ ಗುಡಿಸಿ ಬೈಕೊಂಡ್ರಂತೆ ಅಕ್ಕ."

ಶಿವರುದ್ರಮ್ಮ ತಲೆಯೆತ್ತಿದರು. ಆ ದಿನ ಮೊದಲ ಸಲ ಎದುರಿಗಿದ್ದವನ ಮುಖ ನೋಡಿದರು.

ಈ ಸೀಮೆಯಲ್ಲಿ ಕೊಬ್ಬರಿ ಮೂಟೆಯನ್ನು ಬರಿ ನೆಲದ ಮೇಲೆ ಯಾರೂ ಇಡುವುದಿಲ್ಲ. ಲಾರಿಯಾಗಲಿ, ಗಾಡಿಯಾಗಲಿ, ಮನೆಯ ಜಗಲಿಯಾಗಲಿ, ಮೊದಲು ಗರಿ ಹಾಸಬೇಕು. ಕೆಳಗಿನ ತೇವ ಏರಬಾರದು ಎಂಬುದು ಕಾರಣವಂತೆ. ಈಗ ಕಾರಣ ಯಾರಿಗೂ ನೆನಪಿಲ್ಲ, ಕೈಗೆ ಮಾತ್ರ ನೆನಪಿದೆ. ಆದರೆ ಗಜಪತಿ ಕಂಪನಿಯ ಕಾನೂನು ಬೇರೆ: ಡಬ್ಬಿಯೊಳಗೆ ಒಂದು ಎಲೆಯೂ ಬೀಳಕೂಡದು, ಹುಳ ಬರುತ್ತದೆ. ಲೋಡು ತುಂಬುವ ದಿನ ಅವರ ಮ್ಯಾನೇಜರ್ ದಯಾನಂದ್ ಬೆಂಗಳೂರಿನಿಂದ ಬಂದು, ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಹಲಗೆಯ ನೆಲವನ್ನು ಎದುರಿಗೆ ನಿಂತು ಗುಡಿಸಿಸಿದ್ದ.

"ನಾನೇ ನೋಡ್ದೆ," ಎಂದರು ಶಿವರುದ್ರಮ್ಮ ನಿಧಾನವಾಗಿ. "ಬರಿ ಹಲಗೆ ಮೇಲೆ ಇಟ್ರು. ಮಾಯಣ್ಣ ಆವತ್ತು ಮಧ್ಯಾಹ್ನ ಊಟ ಮಾಡ್ಲಿಲ್ಲ."

"ಇಲ್ಲಿಂದ ಹೊರಡೋವಾಗ ಗರಿ ಇರ್ಲಿಲ್ಲ. ಅಲ್ಲಿ ಇಳಿಯೋವಾಗ ಇತ್ತು. ದಿಲ್ಲೀಲಿ ತೆಂಗಿನಮರ ಇಲ್ಲ, ರೈಲಲ್ಲೂ ಬೆಳೆಯಲ್ಲ. ಅಂದ್ರೆ ಡಬ್ಬಿನ ನಮ್ಮ ಸೀಮೇಲೇ ಎಲ್ಲೋ ತೆಗೆದು, ಇಳಿಸಿ, ಬೇರೆ ಮೂಟೆ ತುಂಬವ್ರೆ. ತುಂಬೋ ಮುಂಚೆ ಗರಿ ಹಾಸವ್ರೆ. ಮಾಲು ಬದಲಾಯಿಸೋ ಗಡಿಬಿಡೀಲೂ ಗರಿ ಹಾಸಬೇಕು ಅನ್ಸಿದ್ರೆ, ಅವ್ರು ನಮ್ಮೋರೇ."

"ಸೀಲು?"

"ಸೀಲು ಬೀಳೋದು ಬೆಂಗಳೂರು ಡಿಪೋದಲ್ಲಿ. ಅಲ್ಲೀಗಂಟ ಬರಿ ಬೀಗ. ಬೀಗದ ಕೈ ರಂಗರಾಜು ಜೇಬಲ್ಲಿ."

ಹೊರಗೆ ಹೆಂಗಸರು ಕೊಬ್ಬರಿ ಆರಿಸಿ ಬುಟ್ಟಿಗೆ ಎಸೆಯುವ ಸದ್ದು ಬರುತ್ತಿತ್ತು, ಡುಬ್ ಡುಬ್ ಎಂದು. ಬೋರಮ್ಮ ಗಂಡನ ಭುಜ ಮುಟ್ಟಿದಳು. ಮಾಯಣ್ಣ ಅದು ಯಾರದೋ ಭುಜ ಎನ್ನುವ ಹಾಗೆ ಕೂತಿದ್ದರು.

"ಇದೆಲ್ಲ ನಿನ್ನ ಲೆಕ್ಕಾಚಾರ," ಎಂದರು ಶಿವರುದ್ರಮ್ಮ. "ಅವನು ಒಪ್ಪಬೇಕಲ್ಲ."

"ಒಪ್ಪಿಸಾನ. ನಿಮ್ಮ ಫೋನಲ್ಲಿ ಸ್ಪೀಕರ್ ಇದೆಯಲ್ಲ?"

ಯಜಮಾನರು ಆಸೆಪಟ್ಟು ಕೊಂಡಿದ್ದ ಫೋನು ಅದು. ಗುಂಡಿ ಒತ್ತಿದರೆ ಆಚೆಯವರ ಮಾತು ಕೋಣೆಗೆಲ್ಲ ಕೇಳುತ್ತಿತ್ತು. ಚಿತ್ತೇಶ ಗುಂಡಿ ಒತ್ತಿ, ರಂಗರಾಜುವಿನ ಶೆಡ್ಡಿನ ನಂಬರ್ ತಿರುಗಿಸಿ, ಗಂಟಲು ಸರಿಮಾಡಿಕೊಂಡ. ಮುಂದೆ ಅವನ ಬಾಯಿಂದ ಬಂದದ್ದು ಅವನ ದನಿಯಲ್ಲ, ಮಂಗಳೂರು ಕಡೆಯ ದಯಾನಂದನದ್ದು. ದಯಾನಂದ್ ಈ ಊರಿಗೆ ಬಂದಾಗಲೆಲ್ಲ ಬೂತಿನಲ್ಲಿ ನಿಂತು ಹೆಂಡತಿಗೆ ಗಂಟೆಗಟ್ಟಲೆ ಸಮಜಾಯಿಷಿ ಕೊಡುತ್ತಿದ್ದ. ಚಿತ್ತೇಶನಿಗೆ ಅದೇ ಪಾಠವಾಗಿತ್ತು.

"ಹಲೋ, ಯಾರು?"

"ನಾನು ದಯಾನಂದ್ ಮಾರಾಯ್ರೆ, ಗಜಪತಿಯಿಂದ."

"ನಮಸ್ಕಾರ ಸಾರ್. ಹೇಳಿ ಸಾರ್."

"ಎಂತ ಹೇಳುವುದು. ದಿಲ್ಲಿಯಿಂದ ಬೈಗುಳ ಬರ್ತಾ ಉಂಟು. ಆ ಡಬ್ಬಿಗೆ ಗರಿ ಎಂತಕ್ಕೆ ಹಾಕಿದ್ದು ನೀವು? ನಾನು ಗುಡಿಸಿ ಕೊಟ್ಟದ್ದಲ್ವಾ?"

ಆಚೆ ಕಡೆ ರೇಡಿಯೋ ಸದ್ದು ತಗ್ಗಿತು.

"ಅದಾ ಸಾರ್. ನಾನ್ ಬ್ಯಾಡ ಅಂದೆ. ಬಿಳಿಗೆರೆ ಹಮಾಲ್ರು ಕೇಳ್ಬೇಕಲ್ಲ. ಬರಿ ಹಲಗೆ ಮೇಲೆ ಮೂಟೆ ಇಡಾಕೆ ಕೈ ಬರಾಕಿಲ್ಲ ಅಂದ್ರು. ತಪ್ಪಾಯ್ತು, ಬುಡಿ."

"ಬಿಳಿಗೆರೆಯಲ್ಲಿ ನಿಮಗೆ ಎಂತ ಕೆಲಸ?"

"ತೋಟದಲ್ಲಿ ಇಳ್ಸಿ, ಅಲ್ಲಿದ್ದ ಮೂಟೆ ತುಂಬ್ಕಂಡ್ ಬಂದ್ವಲ್ಲ ಸಾರ್. ಯಾಕೆ, ಮಂಡಿಯೋರು ನಿಮಗೆ ಹೇಳ್ಲಿಲ್ವಾ?"

ಚಿತ್ತೇಶನ ಮಂಗಳೂರು ಒಂದು ಕ್ಷಣ ಜಾರಿತು. ಹಿಡಿದುಕೊಂಡ.

"ಯಾರ ತೋಟ?"

"ಶಿವರುದ್ರಮ್ಮಾವ್ರ ತೋಟ ಸಾರ್. ಯಜಮಾನ್ರು ಹೋದ್ಮೇಲೆ ಆ ಕಡೀಕೆ ಯಾರೂ ತಲೆ ಹಾಕಾಕಿಲ್ವಲ್ಲ, ಆ ಶೆಡ್ಡು. ಬೀಗನೂ ಇರ್ಲಿಲ್ಲ."

"ಇಳಿಸಿದ ಮೂಟೆಗಳು?"

"ಅಲ್ಲೇ ಅವೆ. ಯಾರೂ ಬಂದು ಕೇಳ್ಲಿಲ್ಲ."

"ಹಾಗಾದ್ರೆ ಒಂದು ಕೆಲಸ ಮಾಡಿ. ಈಗಲೇ ಅಮ್ಮನ ಮಂಡಿಗೆ ಬನ್ನಿ. ನಾನು ಇಲ್ಲೇ ಇದ್ದೇನೆ."

ಫೋನ್ ಇಟ್ಟ ಮೇಲೆ ಶಿವರುದ್ರಮ್ಮ ಅದರ ಕಡೆಗೇ ನೋಡುತ್ತಿದ್ದರು.

"ನನ್ನ ತೋಟದಲ್ಲಿ," ಎಂದರು.

ಯಜಮಾನರು ಕಾಯಿ ಸುಲಿಸುತ್ತಿದ್ದಾಗ ಕುಸಿದು ಬಿದ್ದದ್ದು ಅದೇ ತೋಟದಲ್ಲಿ. ಆಗ ಒಡೆಸಿ ಮೂಟೆ ಕಟ್ಟಿಸಿದ್ದ ಕೊಬ್ಬರಿ ಶೆಡ್ಡಿನಲ್ಲೇ ಉಳಿದಿತ್ತು. ತರಿಸಿ ಎಂದು ಆಕೆ ಹೇಳಲಿಲ್ಲ. ತರೋಣವೇ ಎಂದು ಯಾರೂ ಕೇಳಲಿಲ್ಲ. ಮೂಟೆಯ ಮೇಲಿನ ಗುರುತೂ ಈ ಮಂಡಿಯದೇ. ದಿಲ್ಲಿಯವರು ಕಮಟು ಎಂದು ಎಸೆದದ್ದು ಗಂಡನ ಕೊನೆಯ ಕೊಬ್ಬರಿ.

ಆಕೆ ಮೇಜಿನ ಮೇಲಿದ್ದ ಹಳದಿ ಹೋಳನ್ನು ಮತ್ತೆ ಕೈಗೆತ್ತಿಕೊಂಡರು. ಮೂಸಲಿಲ್ಲ. ಸುಮ್ಮನೆ ಹಿಡಿದುಕೊಂಡರು.

"ಅಮ್ಮಾವ್ರೆ," ಎಂದಳು ಬೋರಮ್ಮ, "ಕೇಳುಸ್ಕಂಡ್ರಲ್ಲ. ಮಾಲು ಎಲ್ಲೂ ಹೋಗಿಲ್ಲ. ನಮ್ಮನೆಯೋರು ಕದ್ದಿಲ್ಲ."

"ಕೇಳಿಸ್ತು ಬೋರಮ್ಮ. ಆದ್ರೆ ಮಂಡಿಯೋರು ಹೇಳ್ಲಿಲ್ವಾ ಅಂದ್ನಲ್ಲ ಅವನು. ಮಂಡಿಯೋರು ಅಂದ್ರೆ ನಾನು. ನಾನಲ್ಲ ಅಂದ್ರೆ ಮಾಯಣ್ಣ."

"ಬತ್ತಾವ್ನಲ್ಲ," ಎಂದ ಚಿತ್ತೇಶ. "ಅವನ್ನೇ ಕೇಳಾನ."

ರಂಗರಾಜು ಬಂದದ್ದು ಸ್ಕೂಟರಿನಲ್ಲಿ. ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡಿದ್ದ. ಮ್ಯಾನೇಜರನ್ನು ನೋಡಲು ಬಂದವನು ತಾನೆ. ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು ಎಲ್ಲರಿಗೂ ಕೈ ಮುಗಿದು, ಕೋಣೆಯ ನಾಲ್ಕು ಮೂಲೆಯನ್ನೂ ನೋಡಿದ.

"ದಯಾನಂದ್ ಸಾರು ಎಲ್ಲವ್ರೆ?"

ಅವನ ಹಿಂದೆ ಇಬ್ಬರು ಹಮಾಲಿಗಳು ಕುತೂಹಲದಿಂದ ಬಾಗಿಲಿಗೆ ಬಂದು ನಿಂತರು. ಕೊಬ್ಬರಿ ಆರಿಸುತ್ತಿದ್ದ ಹೆಂಗಸರೂ ಕೈ ನಿಲ್ಲಿಸಿದ್ದರು. ಜನ ಸೇರಿದ ಮೇಲೆ ಚಿತ್ತೇಶನಿಗೆ ಸುಮ್ಮನಿರಲು ಆಗುತ್ತಿರಲಿಲ್ಲ.

"ಇಲ್ಲೇ ಇದ್ದೇನೆ ಮಾರಾಯ್ರೆ," ಎಂದ, ಅದೇ ದನಿಯಲ್ಲಿ. "ಗರಿ ಎಂತಕ್ಕೆ ಹಾಕಿದ್ದು, ಅದು ಹೇಳಿ ಮೊದಲು."

ಬಾಗಿಲಲ್ಲಿದ್ದ ಹಮಾಲಿಗಳು ಪಕ್ಕೆಂದು ನಕ್ಕರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಬೋರಮ್ಮನೂ ನಕ್ಕಳು, ನಕ್ಕ ಮೇಲೆ, ನಗಬಹುದಿತ್ತೋ ಇಲ್ಲವೋ ಎನ್ನುವ ಹಾಗೆ ಗಂಡನ ಕಡೆ ನೋಡಿದಳು.

ರಂಗರಾಜು ನಗಲಿಲ್ಲ. ಸಿಟ್ಟೂ ಮಾಡಿಕೊಳ್ಳಲಿಲ್ಲ. ಚಿತ್ತೇಶನ ಬಾಯನ್ನೇ ನೋಡುತ್ತಿದ್ದ, ಹಾಲು ಕರೆಯುವ ಮೊದಲು ಹೊಸ ಹಸುವನ್ನು ನೋಡುವ ಹಾಗೆ.

"ಫೋನಲ್ಲಿ ಮಾತಾಡಿದ್ದು ನೀವಾ?"

"ನಾನೇ ಕಣಪ್ಪ. ಸಿಟ್ಟಾಗಬೇಡ. ನೇರ ಕೇಳಿದ್ರೆ ಹೇಳ್ತಿದ್ಯಾ?"

"ಯಾಕೆ ಹೇಳ್ತಿರ್ಲಿಲ್ಲ. ಬಂದೋರೆಲ್ಲ ರೈಲು ಎಲ್ಲಿ ನಿಲ್ತು, ಸೀಲು ಯಾರು ಹಾಕಿದ್ರು ಅಂತ ಕೇಳಿದ್ರು. ಲಾರಿ ಎಲ್ಲಿ ನಿಲ್ತು ಅಂತ ಒಬ್ರೂ ಕೇಳ್ಲಿಲ್ಲ."

"ಈಗ ಕೇಳ್ತಿದೀವಿ," ಎಂದರು ಶಿವರುದ್ರಮ್ಮ. "ಬಿಳಿಗೆರೇಲಿ ಇಳಿಸು ಅಂತ ನಿನಗೆ ಹೇಳಿದ್ದು ಯಾರು? ಮಾಯಣ್ಣನೇ?"

ಇಡೀ ಕೋಣೆ ಆ ಒಂದು ಹೆಸರಿನ ಮೇಲೆ ನಿಂತಿತ್ತು. ಬೋರಮ್ಮ ಗಂಡನ ಭುಜದಿಂದ ಕೈ ತೆಗೆಯಲಿಲ್ಲ, ಒತ್ತಲೂ ಇಲ್ಲ.

ರಂಗರಾಜು ಉತ್ತರ ಕೊಡುವ ಬದಲು ಚಿತ್ತೇಶನ ಕಡೆಗೇ ತಿರುಗಿದ. "ಇನ್ನೊಂದು ಸಲ ಮಾಡಿ ಸಾರ್."

ಚಿತ್ತೇಶ ಮಾಡಿದ. ದಯಾನಂದ್ ಹೆಂಡತಿಗೆ ಸಮಜಾಯಿಷಿ ಕೊಡುವುದನ್ನೂ ಸೇರಿಸಿದ. ಹಮಾಲಿಗಳು ಗೋಡೆ ಹಿಡಿದುಕೊಂಡು ನಕ್ಕರು.

"ಬರೀ ಗಂಡಸ್ರ ದನಿಯೋ, ಹೆಂಗಸ್ರದ್ದೂ ಬತ್ತದೋ?"

"ಎರಡೂ ಒಂದೇ ಗಂಟಲಲ್ಲಿ," ಎಂದ ಚಿತ್ತೇಶ. ಹೊಗಳಿಕೆ ಎಂದುಕೊಂಡ.

"ಅಂಗಾದ್ರೆ ಅಮ್ಮಾವ್ರದ್ದು ಮಾಡಿ."

ನಗು ನಿಂತಿತು. ಎಲ್ಲರೂ ಶಿವರುದ್ರಮ್ಮನ ಮುಖ ನೋಡಿದರು.

"ಮಾಡು," ಎಂದರು ಶಿವರುದ್ರಮ್ಮ. "ನಾನೂ ಕೇಳ್ತೀನಿ."

ಬೇಡ ಎನ್ನಲು ಚಿತ್ತೇಶನಿಗೆ ಸಮಯವಿತ್ತು. ಆದರೆ ಅಷ್ಟು ಕಿವಿಗಳು ತನ್ನ ಕಡೆ ತಿರುಗಿದ್ದಾಗ ಬೇಡ ಎಂದು ಅವನು ಜೀವಮಾನದಲ್ಲಿ ಹೇಳಿರಲಿಲ್ಲ. ಸೊಂಟದ ಮೇಲೆ ಕೈಯಿಟ್ಟ. ಗಲ್ಲ ಮೇಲೆತ್ತಿದ.

"ರಂಗರಾಜು, ಹೇಳಿದ್ದಷ್ಟು ಮಾಡು. ಎದುರು ಮಾತಾಡಬೇಡ. ಮಾಲು ನಂದು, ಮಂಡಿ ನಂದು, ಬೈಸ್ಕೊಂಡ್ರೆ ನಾನು ಬೈಸ್ಕೋತೀನಿ. ತಿಳೀತಾ?"

ಬಿರುಸಾದ, ನಡುವೆ ನಗು ಮುರಿದುಕೊಂಡು ಬರುವ ದನಿ. ಯಜಮಾನರು ಇದ್ದಾಗ ಮಂಡಿಯ ಆ ತುದಿಯಿಂದ ಈ ತುದಿಗೆ ಕೇಳುತ್ತಿದ್ದ ದನಿ. ಹೆಂಗಸರಲ್ಲಿ ಒಬ್ಬಳು "ಅಯ್ಯೋ ನಮ್ಮಮ್ಮ" ಎಂದು ಕಣ್ಣೊರೆಸಿಕೊಂಡಳು. ಶಿವರುದ್ರಮ್ಮ ತಮ್ಮ ದನಿಯನ್ನು ತಾವೇ ಕೇಳಿಸಿಕೊಂಡರು, ಎಲ್ಲೋ ನೋಡಿದ ಹಾಗಿದೆಯಲ್ಲ ಈಕೆಯನ್ನು ಎಂಬಂತೆ. ಮಾಯಣ್ಣನ ಬೆರಳಿನ ಎಳೆ ನಿಂತಿತ್ತು.

ಆಗ ರಂಗರಾಜು ನಕ್ಕ.

ಮೊದಲು ಹೆಗಲು ಅಲುಗಿತು. ಆಮೇಲೆ ಹೊಟ್ಟೆ. ಆಮೇಲೆ ಬಾಯಿ ತೆರೆಯಿತು. ಅಣಕಕ್ಕೆ ಸಿಕ್ಕಿಬಿದ್ದವನು ತಾನೇ ಎಂಬುದನ್ನೂ ಮರೆತು ಮೇಜಿನ ಅಂಚು ಹಿಡಿದುಕೊಂಡು ನಕ್ಕ. ಹಮಾಲಿಗಳೂ ಜೊತೆಗೆ ಶುರುಮಾಡಿ, ಇವನ ಸಮ ಬರಲಾರದೆ ಒಬ್ಬೊಬ್ಬರೇ ಸುಮ್ಮನಾದರು.

"ಆವತ್ತು ಲೋಡು ಹೊತ್ಕಂಡು ನಮ್ ಲಾರಿ ಶೆಡ್ಡಿಗೆ ಹೋಗಿ ಉಣ್ಣಾಕೆ ಕೂತಿದ್ದೆ," ಎಂದ ಉಸಿರು ತಂದುಕೊಂಡು. "ಫೋನ್ ಬಂತು. ಅಮ್ಮಾವ್ರ ದನಿ. 'ಬಿಳಿಗೆರೆ ತೋಟದಲ್ಲಿ ಇಳ್ಸು, ಅಲ್ಲಿರೋದು ತುಂಬ್ಕಂಡು ಹೋಗು, ಮಾಯಣ್ಣನ್ ಕಿವೀಗೂ ಬೀಳ್ಬಾರದು.' ನಾನು ಹೂಂ ಅಂದೆ. ಆಮೇಲೆ ಅಮ್ಮಾವ್ರೇ ಮಾಯಣ್ಣೋರ್ನ ಕಳ್ಳ ಅಂದಾಗ, ದೊಡ್ಡೋರ ವ್ಯವಹಾರ, ನಮಗ್ಯಾಕೆ ಅಂತ ಬಾಯಿ ಮುಚ್ಕಂಡಿದ್ದೆ."

"ನಾನು ಫೋನ್ ಮಾಡಿಲ್ಲ," ಎಂದರು ಶಿವರುದ್ರಮ್ಮ.

"ಈಗ ಗೊತ್ತಾಯ್ತಲ್ಲ ಅಮ್ಮಾವ್ರೆ. ಆವತ್ತೇ ಗೊತ್ತಾಗ್ಬೇಕಿತ್ತು. ಯಜಮಾನ್ರು ಹೋದ್ಮೇಲೆ ನೀವು ಅಂಗೆ ಜೋರು ಮಾಡಿ ಮಾತಾಡಿದ್ದು ನಾ ಕಾಣೆ. ಫೋನಲ್ಲಿ ಬಂದಿದ್ದು ಹಳೇ ದನಿ. ಈಗ ಇವ್ರು ಮಾಡಿದ್ರಲ್ಲ, ಅದೇ."

ಚಿತ್ತೇಶ ಸೊಂಟದಿಂದ ಕೈ ಇಳಿಸಿದ. ಇಳಿಸಿದ ಕೈಯನ್ನು ಎಲ್ಲಿಡಬೇಕೆಂದು ತೋಚಲಿಲ್ಲ.

"ಅಮ್ಮಾವ್ರೆ, ಇವನು ಕತೆ ಕಟ್ತಿದಾನೆ. ನನಗ್ಯಾಕೆ ಬೇಕು ಅದು? ಗಜಪತಿಯೋರ ಮಾಲು ಕೆಟ್ರೆ ನನಗೇನು ಬತ್ತದೆ?"

"ಉತ್ತರಪಥದೋರ ಬುಕಿಂಗ್ ಬತ್ತದೆ."

ಹೇಳಿದ್ದು ಮಾಯಣ್ಣ. ಅಷ್ಟು ದಿನಗಳ ಮೇಲೆ ಬಂದ ದನಿ ಒಣಗಿತ್ತು. ದ್ವೇಷವೇನೂ ಇರಲಿಲ್ಲ ಅದರಲ್ಲಿ. ಮೂಟೆಯ ತೂಕ ಓದಿದ ಹಾಗೆ ಓದಿದರು.

"ಅವ್ರ ಮ್ಯಾನೇಜ್ರು ಲೋಡು ತುಂಬೋ ದಿನ ನನ್ನ ಹತ್ರ ಅಂದಿದ್ರು. ಈ ಮಂಡಿ ಅವ್ರಿಗೆ ಸಿಕ್ರೆ ಊರಲ್ಲಿ ಏಜೆನ್ಸಿ ತೆಗೀತಾರಂತೆ. ಬೋರ್ಡು ಚಿತ್ತೇಶನ ಬೂತ್ ಮೇಲೆ ಅಂತೆ."

"ಕೇಳಿದ್ರು, ನಿಜ," ಎಂದ ಚಿತ್ತೇಶ. "ನಾನಿನ್ನೂ ಒಪ್ಪಿಲ್ಲ ಮಾಯಣ್ಣೋರೆ. ನಿಮ್ಮನ್ನ ಉಳಿಸೋಕೆ ಓಡಾಡಿದೋನು ನಾನು."

"ಅದೂ ನಿಜ," ಎಂದರು ಮಾಯಣ್ಣ.

ಚಿತ್ತೇಶನಿಗೆ ಈ ಕೇಸು ಕೊಟ್ಟವಳು ಬೋರಮ್ಮ. ಗಂಡನ ಮುಖ ನೋಡಿದಳು, ಚಿತ್ತೇಶನ ಮುಖ ನೋಡಿದಳು, ಆಮೇಲೆ ಸೆರಗು ಸರಿಮಾಡಿಕೊಂಡು ನೆಲ ನೋಡಿದಳು.

ಶಿವರುದ್ರಮ್ಮ ಎದ್ದು ನಿಂತರು. ಗೂಟದ ಮೇಲಿದ್ದ ಛತ್ರಿ ತೆಗೆದುಕೊಂಡರು.

"ಸ್ಟೇಷನ್ನಿಗೆ ಸಂಜೆವರೆಗೂ ಕಾಯೋದ್ಯಾಕೆ. ಮಾಯಣ್ಣ, ಏಳು. ನೀನು ಸಾಕ್ಷಿಗೆ ಬಾ. ರಂಗರಾಜು, ನೀನೂ." ಅದೇ ಚಪ್ಪಟೆ ದನಿ, ಮಳೆ ಬರಬಹುದು ಎನ್ನುವ ದನಿ. "ಚಿತ್ತೇಶ, ನಿನ್ನ ಇನಿಷಿಯಲ್ ಏನಪ್ಪ? ಕಂಪ್ಲೇಂಟಿಗೆ ಪೂರ್ತಿ ಹೆಸ್ರು ಕೇಳ್ತಾರೆ ಅಲ್ಲಿ."

ಮಾಯಣ್ಣ ಗೋಣಿಯ ಕಂತೆಯಿಂದ ಎದ್ದರು. ಕೂತು ಕೂತು ಮರಗಟ್ಟಿದ್ದ ಕಾಲನ್ನು ಬೋರಮ್ಮ ಬಗ್ಗಿ ತಿಕ್ಕಿದಳು.

ಚಿತ್ತೇಶ ಉತ್ತರ ಕೊಡಲು ಹೋದ. ಗಂಟಲಿನಲ್ಲಿ ದಯಾನಂದ್ ಇದ್ದ, ದಿಲ್ಲಿ ದಲ್ಲಾಳಿ ಇದ್ದ, ಶಿವರುದ್ರಮ್ಮ ಇದ್ದರು. ತಾನು ಮಾತ್ರ ತಕ್ಷಣಕ್ಕೆ ಸಿಗಲಿಲ್ಲ.

"ಸಾರ್," ಎಂದ ರಂಗರಾಜು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಕಣ್ಣೊರೆಸಿಕೊಳ್ಳುತ್ತ, "ಸ್ಟೇಷನ್ನಲ್ಲಿ ಇನ್ಸ್‌ಪೆಕ್ಟ್ರ ದನೀಲಿ ಒಂದು ಮಾಡಿ. ಬುಟ್ರೂ ಬುಟ್ಟಾರು."

ಅಂದವನಿಗೆ ತನ್ನ ಮಾತೇ ತಡೆಯಲಾಗಲಿಲ್ಲ. ಮತ್ತೆ ಶುರುವಾಯಿತು. ಮಂಡಿಯ ಕೆಲಸವೆಲ್ಲ ನಿಂತು, ಆ ಬೀದಿಯಲ್ಲಿ ಅವನ ನಗುವೊಂದೇ ಕೇಳುತ್ತಿತ್ತು.